ಎಡಗೈಯ ಕ ಚ ಟ ತ ಪ

ನನ್ನ ಕೆಲಸ ಆಸ್ಪತ್ರೆಯಲ್ಲಿ. ಆದರೆ ರೋಗಿಗಳು ಹೆದರಬೇಕಾಗಿಲ್ಲ, ಅವರನ್ನು ನಾನು ಮುಟ್ಟುವುದಿಲ್ಲ. ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗಲೆಲ್ಲ ಡಾಕ್ಟರುಗಳನ್ನೂ ನರ್ಸುಗಳನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ತೋರಿಸುವುದು ನನ್ನ ಪಾಲಿಗೆ ಬಂದಿರುವ ಉದ್ಯೋಗ. ತೋರಿಸುವ ಹೊತ್ತಿಗೆ ಸರಿಯಾಗಿ ಆ ಗುಂಡಿ ಕೆಲಸ ಮಾಡುವುದಿಲ್ಲ. ಹಿಂದಿನ ದಿನ ಮನೆಯಲ್ಲಿ ಸರಿಯಾಗಿತ್ತು, ಬೆಳಿಗ್ಗೆ ಬಂದು ನೋಡಿದಾಗಲೂ ಸರಿಯಾಗಿತ್ತು, ಎಲ್ಲರೂ ಬಂದು ಕೂತ ಮೇಲೆ ಪರದೆ ನೀಲಿಯಾಗಿ ನನ್ನ ಮುಖ ನೋಡುತ್ತದೆ. ಹಾಗಾಗಿ ನಾನು ಮುಂಚಿತವಾಗಿಯೇ ಚಿಂತೆ ಮಾಡಿಟ್ಟುಕೊಂಡಿರುತ್ತೇನೆ. ನಾವು ಬಂದು ನೆಲೆಸಿರುವ ಈ ದೇಶದಲ್ಲಿ ಎಲ್ಲರ ಬಾಯಲ್ಲೂ 'ನೋ ವರೀಸ್', ಚಿಂತೆ ಬೇಡ, ಅನ್ನುವ ಮಾತಿದೆ. ಹಾಲು ತರಲು ಡೇರಿಗೆ ಹೋದರೂ ಕೌಂಟರಿನಲ್ಲಿರುವವರು ಚಿಲ್ಲರೆಯ ಜೊತೆಗೆ ಅದನ್ನು ಕೈಗಿಡುತ್ತಾರೆ. ಇಷ್ಟು ವರ್ಷಗಳಿಂದ ಇಷ್ಟು ಜನ ಹೇಳಿದರೂ ನನಗೆ ತಾಗಿಲ್ಲ.

ಪಾಠ ಶುರುಮಾಡುವಾಗ ಪರದೆ ಎಚ್ಚರಗೊಳ್ಳುವ ತನಕ ಜನರನ್ನು ಹೇಗಾದರೂ ಹಿಡಿದಿಡಬೇಕಲ್ಲ, ಅದಕ್ಕೆ ನನ್ನ ಹತ್ತಿರ ಒಂದು ಕತೆಯಿದೆ. ಕಂಪ್ಯೂಟರ್ ಅಂದರೆ ಕಾರ್ಡುಗಳಲ್ಲಿ ತೂತು ಕೊರೆದು ಕೊಟ್ಟು, ಉತ್ತರಕ್ಕಾಗಿ ಕಾಯುತ್ತ ಕೂರಬೇಕಿದ್ದ ಕಾಲದಲ್ಲಿ, ಒಬ್ಬ ಇಂಜಿನಿಯರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಅದರೊಡನೆ ನೇರವಾಗಿ ವ್ಯವಹರಿಸಬಹುದು ಎಂದು ಹೊರಟವರು. ಮೌಸು ಅವರ ತಲೆಯಿಂದ ಬಂದದ್ದು. ಮೊದಲ ಮೌಸು ಒಂದು ಮರದ ಪೆಟ್ಟಿಗೆ, ಅಡಿಯಲ್ಲಿ ಎರಡು ಗಾಲಿ. ಅವರು ಸುಮಾರು ಸಾವಿರ ಜನರ ಮುಂದೆ ಅದನ್ನು ತೋರಿಸಿದ ಕಪ್ಪು ಬಿಳುಪು ಚಿತ್ರ ಈಗಲೂ ನೋಡಲು ಸಿಗುತ್ತದೆ. ಬಿಳಿ ಅಂಗಿ, ಟೈ, ಕಿವಿಗೆ ಸಿಕ್ಕಿಸಿದ ಫೋನು, ಪಕ್ಕದ ಮನೆಯವರನ್ನು ಕಾಫಿಗೆ ಕರೆಯುವಂಥ ಮೆಲುದನಿ. ಕಂಪ್ಯೂಟರ್ ಇದ್ದದ್ದು ಬೇರೆ ಊರಿನಲ್ಲಿ. ಆ ಊರಿನಲ್ಲಿ ಕೂತ ಸಹೋದ್ಯೋಗಿಯ ಮುಖ ಪರದೆಯ ಒಂದು ಮೂಲೆಯಲ್ಲಿ ಕಾಣುತ್ತದೆ. ಇಬ್ಬರೂ ಒಂದೇ ಬರಹವನ್ನು ನೋಡುತ್ತಾರೆ, ಒಂದೇ ಪರದೆಯ ಮೇಲೆ ಇಬ್ಬರ ಬಾಣಗಳೂ ಓಡಾಡುತ್ತವೆ. ಒಂದು ಪದದ ಮೇಲೆ ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ನಾವು ಇವತ್ತು ಬೆಳಗಾದರೆ ಮಾಡುವ ಎಲ್ಲವೂ ಅಲ್ಲಿದೆ.

ನಾನು ಈ ಚಿತ್ರವನ್ನು ಪ್ರತಿ ಸಲ ನೋಡುವಾಗಲೂ ಬೇರೆಯವರ ಹಾಗೆ ಆ ಬಾಣವನ್ನು ನೋಡುವುದಿಲ್ಲ. ಅವರ ಮುಖ ನೋಡುತ್ತೇನೆ. ಅಷ್ಟು ಜನ ಕೂತಿದ್ದಾರೆ, ಯಂತ್ರ ಇನ್ನೆಲ್ಲೋ ಇದೆ, ಅಲ್ಲಿನ ಚಿತ್ರ ಗಾಳಿಯಲ್ಲಿ ಹಾದು ಬರಬೇಕು. ಈ ಮನುಷ್ಯ ನೀರನ್ನೂ ಕುಡಿಯದೆ ಮಾತಾಡುತ್ತಿದ್ದಾರೆ. ನಾನಾಗಿದ್ದರೆ ಹೊಟ್ಟೆ ಕೆಟ್ಟು ರಜೆ ಹಾಕಿರುತ್ತಿದ್ದೆ.

ಈ ಕತೆಯ ಅರ್ಧ ಭಾಗವನ್ನು ನಾನು ಯಾವತ್ತೂ ಹೇಳುತ್ತಿರಲಿಲ್ಲ, ಯಾಕೆಂದರೆ ಅದರಿಂದ ಏನೂ ಬರಲಿಲ್ಲ ಎಂದುಕೊಂಡಿದ್ದೆ. ಅವರ ಬಲಗೈಯಲ್ಲಿ ಮೌಸು ಇದ್ದ ಹಾಗೆ ಎಡಗೈಯ ಕೆಳಗೆ ಇನ್ನೊಂದು ಸಾಧನವಿತ್ತು. ಹಾರ್ಮೋನಿಯಂ ಒಂದರ ಐದು ಮನೆಗಳನ್ನು ಕಿತ್ತು ಇಟ್ಟ ಹಾಗೆ, ಬೆರಳಿಗೊಂದರಂತೆ ಐದೇ ಕೀಲಿ. ಒಂದೊಂದೇ ಒತ್ತಬಹುದು, ಎರಡು ಮೂರು ಒಟ್ಟಿಗೂ ಒತ್ತಬಹುದು, ಒಂದೊಂದು ಜೋಡಣೆಗೆ ಒಂದೊಂದು ಇಂಗ್ಲಿಷ್ ಅಕ್ಷರ. ಕಣ್ಣು ಪರದೆಯ ಮೇಲೆ, ಬಲಗೈ ಮೌಸಿನ ಮೇಲೆ, ಎಡಗೈ ನೋಡದೆಯೇ ಬರೆಯುತ್ತಿರುತ್ತದೆ. ಮೌಸು ಜಗತ್ತೆಲ್ಲ ಹರಡಿತು. ಐದು ಕೀಲಿಯ ಈ ಪಾಪದ ಜೊತೆಗಾರನನ್ನು ಕಲಿಯುವುದು ಕಷ್ಟ ಎಂದು ಎಲ್ಲರೂ ಬಿಟ್ಟರು. ಅದನ್ನು ಮತ್ತೆ ಹೊರಗೆ ತೆಗೆಯುವ ಪ್ರಸಂಗ ಬಂದದ್ದು ನಮ್ಮ ಹತ್ತಿರದ ಬಡಾವಣೆ ಹೆಂಡರ್ಸನ್ನಿನಲ್ಲಿ, ಒಬ್ಬ ನಿವೃತ್ತ ಮೇಟ್ರನ್‌ರಿಂದಾಗಿ.

ನನ್ನ ಗಂಡ ನರ್ಸು. ಧಾರವಾಡದಲ್ಲಿ ನರ್ಸಿಂಗ್ ಕಲಿಯುವಾಗ ಇವರನ್ನು ನಡುಗಿಸಿದ ಟೀಚರೊಬ್ಬರು, ಆಮೇಲೆ ದೊಡ್ಡ ಆಸ್ಪತ್ರೆಯ ಮೇಟ್ರನ್ ಆಗಿ, ನಿವೃತ್ತರಾಗಿ, ಗಂಡ ತೀರಿಹೋದ ಮೇಲೆ ಮಗಳ ಜೊತೆ ಇರಲು ಇಲ್ಲಿಗೆ ಬಂದರು. ಹುಬ್ಬಳ್ಳಿಯ ಮುಸ್ಲಿಂ ಮನೆತನ, ಮನೆಯಲ್ಲಿ ದಖನಿ ಮಾತು, ಹೊರಗೆ ಗಟ್ಟಿ ಧಾರವಾಡ ಕನ್ನಡ. ನಾನು ಆಂಟಿ ಅನ್ನುತ್ತೇನೆ. ನನ್ನ ಗಂಡ ಇವತ್ತಿಗೂ ಮೇಡಂ ಅನ್ನುತ್ತಾರೆ, ಅವರ ಮುಂದೆ ಕೂರಬೇಕಾದರೆ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಾರೆ. ನಮ್ಮ ಮನೆ ನ್ಯೂ ಲಿನ್‌ನಲ್ಲಿ, ಅವರದು ಹೆಂಡರ್ಸನ್ನಿನಲ್ಲಿ, ರೈಲಿನಲ್ಲಿ ಹೋದರೆ ಓದಲು ತೆರೆದ ಅಧ್ಯಾಯ ಮುಗಿಯುವಷ್ಟರಲ್ಲಿ ನಿಲ್ದಾಣ ಬರುತ್ತದೆ.

ಆಂಟಿಗೆ ಭಾನುವಾರದ ಮಧ್ಯಾಹ್ನ ಒಂದು ತಪ್ಪದ ನೇಮವಿತ್ತು. ಹಾಸ್ಟೆಲಿನ ಕಾಲದ ಗೆಳತಿಯೊಬ್ಬರು ಧಾರವಾಡದಲ್ಲಿದ್ದಾರೆ. ಅಲ್ಲಿ ಬೆಳಗಾಗಿ ಪೇಪರ್ ಬಂದ ಕೂಡಲೇ ಅವರು ಫೋನ್ ಮಾಡುತ್ತಿದ್ದರು. ಭಾನುವಾರದ ಪದಬಂಧವನ್ನು ಇಬ್ಬರೂ ಸೇರಿ ಬಿಡಿಸಬೇಕು. ಅವರು ಸುಳಿವು ಓದುವುದು, ಇವರು ಇಲ್ಲಿ ಹಾಳೆಯ ಮೇಲೆ ಮನೆ ಗೀಚಿಕೊಂಡು ಉತ್ತರ ಹೇಳುವುದು. ಉತ್ತರಕ್ಕಿಂತ ಬೈಗುಳವೇ ಹೆಚ್ಚು ಕೇಳಿಸುತ್ತಿತ್ತು. ಗೆಳತಿಗೆ ತಪ್ಪಿದರೆ ಇವರು 'ದಡ್ಡಿ' ಅನ್ನುವುದು, ಇವರಿಗೆ ತಪ್ಪಿದರೆ ಅವರು 'ಮೇಟ್ರನ್ ಆಗಿದ್ದು ವಶೀಲಿಯಿಂದ' ಅನ್ನುವುದು. ಅರ್ಧ ಶತಮಾನದ ಜಗಳ, ಒಂದು ಭಾನುವಾರವೂ ತಪ್ಪಿರಲಿಲ್ಲ.

ಆಮೇಲೆ ಆಂಟಿಗೆ ಪಾರ್ಶ್ವವಾಯು ಬಡಿಯಿತು. ಡಾಕ್ಟರುಗಳ ದೃಷ್ಟಿಯಲ್ಲಿ ಸಣ್ಣದು, ನಮ್ಮ ದೃಷ್ಟಿಯಲ್ಲಿ ಅಲ್ಲ. ಬಲಗೈ ಬಿತ್ತು, ನಾಲಿಗೆ ದಪ್ಪವಾಯಿತು. ಬುದ್ಧಿಗೆ ಕೂದಲಷ್ಟೂ ಏನೂ ಆಗಿರಲಿಲ್ಲ, ಅದೇ ಅವರ ಕಷ್ಟ. ಒಳಗೆ ಪದ ಚೂಪಾಗಿ ನಿಂತಿರುತ್ತದೆ, ಹೊರಗೆ ಬರುವಾಗ ನೆನೆದ ಅವಲಕ್ಕಿಯಾಗುತ್ತದೆ. ಹತ್ತಿರ ಕೂತು ಎರಡು ಸಲ ಕೇಳಿದರೆ ನಮಗೆ ತಿಳಿಯುತ್ತಿತ್ತು. ಫೋನಿನಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರ ಫೋನ್ ಬಂತು. ಆಂಟಿ ಅದನ್ನು ಎಡಗೈಯಿಂದ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದರು. ಮುಂದಿನ ಭಾನುವಾರವೂ ಅಷ್ಟೇ. ಆ ಗೆಳತಿ ತನ್ನ ಈ ದನಿಯನ್ನು ಕೇಳಬಾರದು, ಮುಗಿಯಿತು.

ಮೊಬೈಲಿನಲ್ಲಿ ಬರೆಯಬಹುದಲ್ಲ ಎಂದು ನೀವು ಕೇಳುತ್ತೀರಿ, ನಾವೂ ಕೇಳಿದೆವು. ಅವರ ಕಣ್ಣು ಮೊದಲೇ ಮಂಜು. ಟಿವಿಯ ಮೇಲೆ ಅಂಗೈಯಗಲ ಬರೆದರೆ ಓದುತ್ತಾರೆ, ಮೊಬೈಲಿನ ಕೀಲಿಮಣೆಯ ಮೇಲೆ ಥ ಯಾವುದು ಧ ಯಾವುದು, ಪ ಯಾವುದು ಷ ಯಾವುದು ಎಂದು ಆ ಸಾಸಿವೆಯಷ್ಟು ಚುಕ್ಕೆ ಗೆರೆಗಳನ್ನು ಹುಡುಕುವುದು ಅವರಿಂದ ಆಗದು. ಮಾತು ಕೇಳಿ ಬರೆಯುವ ತಂತ್ರಾಂಶಕ್ಕೆ ನೆಟ್ಟಗೆ ಆಡಿದ ಧಾರವಾಡ ಕನ್ನಡವೇ ಅರ್ಥವಾಗದು, ಇನ್ನು ಇವರ ತೊದಲು ಎಲ್ಲಿ. ಅವರು 'ನೀರು' ಅಂದರೆ ಅದು 'ಮೇರು' ಎಂದು ಬರೆದು ಹೆಮ್ಮೆಯಿಂದ ಮಿನುಗಿತು.

ಮಗಳು ಅಮ್ಮನ ಮೇಲಿನ ಮಮತೆಯಿಂದ ಒಂದು ಉಪಾಯ ಮಾಡಿದಳು. ಅವಳು ಡಾಕ್ಟರು, ಎರಡು ಪಾಳಿಯ ನಡುವೆ ಬದುಕುವವಳು. ಅಮ್ಮನ ಹೆಸರಿನಲ್ಲಿ ಅವಳೇ ಗೆಳತಿಗೆ ಸಂದೇಶ ಕಳಿಸತೊಡಗಿದಳು. 'ನಾನು ಆರಾಮ ಇದ್ದೇನೆ, ನೀವು ಹೇಗಿದ್ದೀರಿ' ಎಂದು. ಗೆಳತಿಗೆ ಒಂದೇ ಸಾಲಿಗೆ ಗೊತ್ತಾಗಿಬಿಟ್ಟಿತು. ಅರ್ಧ ಶತಮಾನದಿಂದ ಏಕವಚನದಲ್ಲಿ ಬೈದವಳು ಇದ್ದಕ್ಕಿದ್ದಂತೆ 'ನೀವು' ಅಂದರೆ ಯಾರು ನಂಬುತ್ತಾರೆ? 'ನಿಮ್ಮ ತಾಯಿಗೆ ಬೇಕಾದಾಗ ಅಕೀನ ಮಾತಾಡ್ಲಿ, ನೀವು ತ್ರಾಸ ತಗೋಬ್ಯಾಡ್ರಿ' ಎಂದು ಉತ್ತರ ಬಂತು. ಆಮೇಲೆ ಭಾನುವಾರದ ಫೋನೂ ನಿಂತಿತು. ಆಂಟಿ ಫಿಸಿಯೊಥೆರಪಿಯವರ ಜೊತೆ ಸಹಕರಿಸುವುದನ್ನು ಬಿಟ್ಟರು, ಗೋಡೆಯ ಕಡೆ ಕುರ್ಚಿ ತಿರುಗಿಸಿಕೊಂಡು ಕೂರತೊಡಗಿದರು.

ಅದನ್ನು ನೋಡಿ ಬಂದ ದಿನ ನನ್ನ ಗಂಡ ಊಟದ ತಟ್ಟೆಯಲ್ಲಿ ಕೈ ಆಡಿಸುತ್ತ ಕೂತಿದ್ದರು. ನಾನು ರಕ್ತದೊತ್ತಡದ ಬಗ್ಗೆ ಚಿಂತೆ ಮಾಡುತ್ತಿದ್ದೆ, ಆಂಟಿಯದಲ್ಲ, ನನ್ನದು.

"ನಿನ್ನ ಆ ಮರದ ಇಲಿ ಮಾಡಿದಾವ," ಎಂದರು ಅವರು, "ಒಂದ ಕೈಯವರಿಗೆ ಏನೂ ಮಾಡಿಲ್ಲೇನು?"

ತಟ್ಟೆ ಹಾಗೇ ಬಿಟ್ಟು ಎದ್ದೆ. ನೋಡಬೇಕಾಗಿಲ್ಲದ ಕೀಲಿ, ಎಡಗೈಗೆ, ಐದು ಬೆರಳಿಗೆ ಐದು. ಅದು ಅಷ್ಟು ವರ್ಷ ನನ್ನ ಪಾಠದ ಚಿತ್ರದಲ್ಲೇ, ಅವರ ಎಡಗೈಯ ಕೆಳಗೇ ಕೂತಿತ್ತು.

ಊರಿನ ಇನ್ನೊಂದು ಬಡಾವಣೆ ಒನೆಹುಂಗಾದಲ್ಲಿ ಹಳೆಯ ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಐದು ಕೀಲಿಗಳನ್ನೂ ಒಂದು ಸಣ್ಣ ಸರ್ಕ್ಯೂಟನ್ನೂ ಕೊಂಡೆ. ಮದುವೆಗೆ ಮುಂಚೆ ಪ್ರೋಗ್ರಾಂ ಬರೆದು ಸಂಬಳ ತೆಗೆದುಕೊಂಡವಳು ನಾನು, ಅದು ಕೈಯಲ್ಲಿ ಇನ್ನೂ ಇತ್ತು. ಪೆಟ್ಟಿಗೆ ಮಾತ್ರ ನನ್ನಿಂದಾಗದು. ಹೆಂಡರ್ಸನ್ನಿನಲ್ಲಿ ನಿವೃತ್ತ ಗಂಡಸರು ಸೇರಿ ಮರಗೆಲಸ ಮಾಡುವ ಶೆಡ್ ಒಂದಿದೆ. ಅಲ್ಲಿ ಈ ದೇಶದವನೇ ಆದ ಒಬ್ಬ ಮುದುಕ ನನ್ನ ಮಾತನ್ನು ಕೇಳಿ, ಸಾಮಾನು ಹೇರುವ ತನ್ನ ಯೂಟ್ ಗಾಡಿಯ ಹಿಂದಿನಿಂದ ರಿಮು ಎಂಬ ಇಲ್ಲಿನ ಕೆಂಪು ಮರದ ತುಂಡು ತೆಗೆದು, ಅಂಗೈ ಒರಗಲು ಇಳಿಜಾರಾದ ಒಂದು ಪೆಟ್ಟಿಗೆ ಮಾಡಿಕೊಟ್ಟ. ಅಂಚು ಕೈಗೆ ಚುಚ್ಚೀತೇ, ಜಾರೀತೇ, ಎಣ್ಣೆ ಹಚ್ಚಿದ್ದು ಚರ್ಮಕ್ಕೆ ಆಗದಿದ್ದರೆ ಎಂದು ನಾನು ಕೇಳಿದ ಪ್ರತಿ ಪ್ರಶ್ನೆಗೂ ಅವನ ಉತ್ತರ ಒಂದೇ, "ಶೀಲ್ ಬಿ ರೈಟ್." ಪೆಟ್ಟಿಗೆಯನ್ನು ಈ ಊರಿನವರು ಹೆಣ್ಣೆಂದು ತಿಳಿಯುತ್ತಾರೆ, ಮತ್ತು ಅವಳು ಸರಿಹೋಗುತ್ತಾಳೆ ಎಂದು ನಂಬುತ್ತಾರೆ. ನಾನು ಮನೆಗೆ ಬಂದು ಇನ್ನೊಮ್ಮೆ ಮರಳು ಕಾಗದ ಉಜ್ಜಿದೆ.

ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಆ ಇಂಜಿನಿಯರು ಯಾವ ಜೋಡಣೆಗೆ ಯಾವ ಇಂಗ್ಲಿಷ್ ಅಕ್ಷರ ಇಟ್ಟಿದ್ದರೋ ಅದನ್ನೇ ನಾನೂ ಇಟ್ಟೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಪರದೆಯ ಮೇಲೆ ಕನ್ನಡವಾಗಿ ಬರುವಂತೆ ಮಾಡಿದೆ, ನಾವೆಲ್ಲ ದಿನಾ ಹಾಗೆಯೇ ತಾನೆ ಬರೆಯುವುದು. ಆಂಟಿ ಒಂದು ವಾರ ಕಷ್ಟಪಟ್ಟರು. 'ಮನೆ' ಬರೆಯಲು ಎಂ, ಆಮೇಲೆ ಎ, ಆಮೇಲೆ ಎನ್, ಆಮೇಲೆ ಇ. ಅದರಲ್ಲೂ ಮ ಅನ್ನುವ ಒಂದಕ್ಷರಕ್ಕೆ ಎರಡು ಜೋಡಣೆ, ಎರಡೂ ನೆನಪಿಟ್ಟುಕೊಳ್ಳಬೇಕು. ಒಂದು ದಿನ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದರು. ಅವರು ಹೇಳಿದ್ದು ಎರಡನೇ ಸಲಕ್ಕೆ ತಿಳಿಯಿತು.

"ಕನ್ನಡ ಬರಿಯಾಕ ಇಂಗ್ಲೆಂಡಿಗೆ ಹೋಗಿ ಬರಬೇಕೇನವ?"

ಇದು ಕಲಿಯಲು ಕಷ್ಟವೆಂದು ಎಲ್ಲರೂ ಹಿಂದೆಯೇ ಬಿಟ್ಟದ್ದು, ನಾನು ಸುಮ್ಮನೆ ತೊಂದರೆ ಕೊಟ್ಟೆ, ಕ್ಷಮಿಸಿ ಎಂದೆ. ಈ ಒಂದು ಮಾತು ಹೇಳಬಾರದಿತ್ತು, ಅಥವಾ ಹೇಳಿದ್ದೇ ಒಳ್ಳೆಯದಾಯಿತು. ಆಂಟಿ ಮತ್ತೆ ಗೋಡೆಯ ಕಡೆ ತಿರುಗಿಸಿಕೊಂಡಿದ್ದ ಕುರ್ಚಿಯಲ್ಲಿ ಪೂರ್ತಿ ನನ್ನ ಕಡೆ ವಾಲಿದರು.

"ತ್ರಾಸಂತ ಬಿಟ್ರು?"

ಹೌದು ಎಂದೆ. ಆ ಇಂಜಿನಿಯರಿಗೆ ಅದೇ ಬೇಸರವಾಗಿತ್ತಂತೆ ಎಂದೂ ಹೇಳಿದೆ. ಸೈಕಲ್ ಕಲಿಯುವಾಗ ಬೀಳುತ್ತೇವೆ, ಹಾಗೆಂದು ಜೀವನವೆಲ್ಲ ಮೂರು ಗಾಲಿಯ ಗಾಡಿಯಲ್ಲಿ ಓಡಾಡುತ್ತೇವೆಯೇ ಎಂಬ ಅರ್ಥದ ವಾದ ಅವರದು. ಕಲಿತ ಮೇಲೆ ಮನುಷ್ಯನ ಶಕ್ತಿ ಹೆಚ್ಚುವಂಥ ಸಾಧನ ಬೇಕು, ಅಂಗಡಿಯಿಂದ ತಂದ ಕೂಡಲೇ ಬರುವಂಥದ್ದೇ ಆಗಬೇಕಿಲ್ಲ. ಮೂವತ್ತು ವರ್ಷ ನರ್ಸಿಂಗ್ ಹುಡುಗಿಯರಿಂದ ಹಾಸಿಗೆಯ ಮೂಲೆ ಮಡಚಿಸಿ, ಸರಿಯಾಗುವ ತನಕ ಬಿಚ್ಚಿಸಿದ ಹೆಂಗಸಿಗೆ ಈ ವಾದ ಬಹಳ ಹಿಡಿಸಿತು. ತಲೆದೂಗಿದರು. ಆದರೆ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಳ್ಳಲಿಲ್ಲ. ಯೋಚಿಸುತ್ತ ಎಡಗೈ ಬೆರಳುಗಳಿಂದ ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿದರು. ಹೆಬ್ಬೆರಳಿನಿಂದ ಕಿರುಬೆರಳಿಗೆ, ಮತ್ತೆ ಹೆಬ್ಬೆರಳಿನಿಂದ ಕಿರುಬೆರಳಿಗೆ. ತುಟಿ ಅಲ್ಲಾಡುತ್ತಿತ್ತು. ನಾನು ಕಿವಿ ಕೊಟ್ಟೆ. ಸ್ಪೀಚ್ ಥೆರಪಿಯವರು ನಾಲಿಗೆಗೆ ವ್ಯಾಯಾಮ ಕೊಡಿ ಎಂದಿದ್ದರಂತೆ. ಅವರು ಕೊಟ್ಟ ಇಂಗ್ಲಿಷ್ ಪದಗಳನ್ನು ಬಿಟ್ಟು ಆಂಟಿ ಸಾಲೆಯಲ್ಲಿ ಕಲಿತದ್ದನ್ನು ಹೇಳಿಕೊಳ್ಳುತ್ತಿದ್ದರು. ಕ ಖ ಗ ಘ ಙ. ಹೆಬ್ಬೆರಳಿನಿಂದ ಕಿರುಬೆರಳಿಗೆ. ಚ ಛ ಜ ಝ ಞ.

ನಾನೂ ನನ್ನ ಎಡಗೈಯ ಬೆರಳು ಎಣಿಸಿದೆ. ಐದು ಬೆರಳು. ಐದು ವರ್ಗ. ವರ್ಗಕ್ಕೆ ಐದಕ್ಷರ. ಕ ಚ ಟ ತ ಪ, ಒಂದೊಂದು ಬೆರಳಿಗೆ ಒಂದೊಂದು ಮನೆ. ಮೊದಲು ಯಾವ ಬೆರಳು ಒತ್ತುತ್ತೀರೋ ಅದು ವರ್ಗ, ಎರಡನೆಯದು ಆ ವರ್ಗದಲ್ಲಿ ಎಷ್ಟನೆಯ ಅಕ್ಷರ ಎಂದು. ಎರಡೇ ಏಟು, ನೆನಪಿಟ್ಟುಕೊಳ್ಳಬೇಕಾದ್ದು ಏನೂ ಇಲ್ಲ, ಏಕೆಂದರೆ ಕನ್ನಡ ಸಾಲೆಗೆ ಹೋದವರೆಲ್ಲ ಅದನ್ನು ಆಗಲೇ ನೆನಪಿಟ್ಟುಕೊಂಡಿದ್ದಾರೆ. ಆ ಇಂಜಿನಿಯರು ಇಂಗ್ಲಿಷಿನವರು ಕಲಿಯಬೇಕೆಂದು ಅಷ್ಟು ಒದ್ದಾಡಿದ್ದು ನಮಗೆ ಒಂದನೇ ಇಯತ್ತೆಯಲ್ಲೇ ಆಗಿಹೋಗಿತ್ತು.

ಆ ವಾರದ ಕೊನೆಯಲ್ಲಿ ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಎರಡು ಬೆರಳು ಒಟ್ಟಿಗೆ ಒತ್ತಿದರೆ ಕಾಗುಣಿತ, ಕೊಂಬು ದೀರ್ಘ ಎಲ್ಲ. ಮೂರು ಒಟ್ಟಿಗೆ ಒತ್ತಿದರೆ ಯರಲವದಿಂದ ಳದ ತನಕ. ಒತ್ತಕ್ಷರಕ್ಕೆ ನಾಲ್ಕು ಬೆರಳು, ಹಸ್ತ ಪೂರ್ತಿ ಒರಗಿಸಿದರೆ ಪದದ ಕೊನೆ. ಎಲ್ಲಕ್ಕೂ ಜಾಗ ಸಾಕಾಯಿತು. ಇಷ್ಟು ಸಲೀಸಾಗಿ ಸರಿಹೋದದ್ದನ್ನು ನೋಡಿ ಎಲ್ಲೋ ಏನೋ ತಪ್ಪಿದೆ ಎಂದು ನನಗೆ ಖಾತ್ರಿಯಾಯಿತು. ನನ್ನ ಅನುಮಾನ ಸರಿಯಾಗಿಯೇ ಇತ್ತು.

ಆಂಟಿಯ ಟಿವಿಗೆ ಅದನ್ನು ಜೋಡಿಸಿ ಏನಾದರೂ ಬರೆಯಿರಿ ಎಂದೆ. ಅವರು ಬೆನ್ನು ನೆಟ್ಟಗೆ ಮಾಡಿ, ತಾವು ವಾರ್ಡಿನ ಬಾಗಿಲಲ್ಲಿ ನಿಂತು ದಿನಾ ಕೂಗುತ್ತಿದ್ದ ಪದವನ್ನು ಬರೆದರು. 'ಗಮನ'. ಟಿವಿಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ 'ಬಕಚ' ಎಂದು ಬಂತು.

ನನ್ನ ಗಂಡ ಮುಖ ತಿರುಗಿಸಿ ಕೆಮ್ಮಿದರು. ಮೇಡಂ ಮುಂದೆ ನಗುವಂತಿರಲಿಲ್ಲ.

ತಪ್ಪು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಪರದೆಯ ಜನ. ನನಗೆ ಸಾಲು ಎಂದರೆ ಎಡದಿಂದ ಬಲಕ್ಕೆ. ಎಡಗೈಯನ್ನು ಮೇಜಿನ ಮೇಲಿಟ್ಟರೆ ಎಡತುದಿಗೆ ಇರುವುದು ಕಿರುಬೆರಳು. ಹಾಗಾಗಿ ಕಿರುಬೆರಳಿಗೆ ಕ ವರ್ಗ ಕೊಟ್ಟು, ಹೆಬ್ಬೆರಳಿಗೆ ಪ ವರ್ಗ ಕೊಟ್ಟಿದ್ದೆ. ಆಂಟಿಯ ಎಣಿಕೆ ಹೆಬ್ಬೆರಳಿನಿಂದ. ಅವರ ಗ ನನ್ನ ಬ, ಅವರ ಮ ನನ್ನ ಕ, ಕನ್ನಡಿಯಲ್ಲಿ ನೋಡಿದ ಹಾಗೆ. ಕಣ್ಣೆದುರು ಬೆರಳು ತಾಳ ಹಾಕಿದ್ದನ್ನು ನೋಡಿದವಳೂ ನಾನೇ, ಮನೆಗೆ ಹೋಗಿ ಉಲ್ಟಾ ಬರೆದವಳೂ ನಾನೇ.

"ಬಕಚ," ಎಂದು ಆಂಟಿ ಗಟ್ಟಿಯಾಗಿ ಓದಿದರು. ಆ ಪದ ಮಾತ್ರ ತೊದಲದೆ ಬಂತು. ಆಮೇಲೆ ಅವರ ಬಾಯಿಯ ಎಡ ತುದಿ ಮೇಲೆ ಹೋಯಿತು. ಅವರು ನಕ್ಕದ್ದನ್ನು ನೋಡಿ ತಿಂಗಳುಗಳಾಗಿದ್ದವು. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಬಕಚ.

ತಿರುಗಿಸಿ ಸರಿಮಾಡಿದ ಮೇಲೆ ಆಂಟಿಯ ಬೆರಳು ನಿಲ್ಲಲಿಲ್ಲ. ಕಾಗುಣಿತಕ್ಕೆ ಸ್ವಲ್ಪ ದಿನ ಹಿಡಿಯಿತು, ಒತ್ತಕ್ಷರಕ್ಕೆ ಇನ್ನಷ್ಟು. ದಿನಾ ಬೆಳಿಗ್ಗೆ ನಮಾಜು ಮುಗಿಸಿ, ಚಹಾ ಕುಡಿದು ಅಭ್ಯಾಸಕ್ಕೆ ಕೂರುತ್ತಿದ್ದರಂತೆ, ತಪ್ಪಿದರೆ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ. ಅವರಿಗೆ ಬಹಳ ಇಷ್ಟವಾದ ಪದ 'ಜನ'. ಜ ಬರೆಯಲು ತೋರುಬೆರಳು, ನಡುಬೆರಳು. ನ ಬರೆಯಲು ಉಂಗುರಬೆರಳು, ಕಿರುಬೆರಳು. ನಾಲ್ಕು ಬೆರಳು ಸಾಲಾಗಿ ಒಂದರ ಹಿಂದೆ ಒಂದು ಇಳಿದರೆ ಸಾಕು, ಮೇಜಿನ ಮೇಲೆ ಬೇಸರಕ್ಕೆ ತಾಳ ಹಾಕಿದಷ್ಟೇ ಸುಲಭ. ಟಿವಿ ತುಂಬ ಜನ ಜನ ಜನ ಎಂದು ಬರೆದು ನಮಗೆ ತೋರಿಸುತ್ತಿದ್ದರು.

ಇನ್ನು ಉಳಿದದ್ದು ಧಾರವಾಡ. ಫೋನು ಬೇಡ, ಮುಖ ಕಾಣುವುದೂ ಬೇಡ ಎಂದು ಆಂಟಿ ಮೊದಲೇ ಹೇಳಿದ್ದರು. ಹಾಗಾದರೆ ಪದಬಂಧವೇ ಸಾಕು ಎಂದೆ. ಇಂಟರ್ನೆಟ್ಟಿನಲ್ಲಿ ಇಬ್ಬರಿಗೂ ಒಟ್ಟಿಗೆ ತೆರೆಯುವ ಒಂದು ಹಾಳೆಯಲ್ಲಿ ಮನೆಗಳನ್ನು ಬಿಡಿಸಿಟ್ಟೆ. ಅಲ್ಲಿ ಗೆಳತಿಯ ಸೊಸೆ, ಪೇಪರ್ ಬಂದ ಕೂಡಲೇ ಆ ದಿನದ ಸುಳಿವುಗಳನ್ನು ಅದರಲ್ಲಿ ತುಂಬಿ, ಟ್ಯಾಬ್ಲೆಟ್ಟಿನಲ್ಲಿ ತೆರೆದುಕೊಡಲು ಒಪ್ಪಿದಳು. ಇವರ ಬಾಣ ಹಸಿರು, ಅವರದು ಕಿತ್ತಳೆ, ಇಬ್ಬರ ಬಾಣವೂ ಇಬ್ಬರಿಗೂ ಕಾಣುತ್ತದೆ. ಹಾಳೆಯ ಕೆಳಗೆ ಮಾತು ಬರೆಯಲು ಒಂದು ಪಟ್ಟೆ. ಆ ಕಪ್ಪು ಬಿಳುಪು ಚಿತ್ರದಲ್ಲಿ ಇದ್ದದ್ದಕ್ಕಿಂತ ಹೊಸದು ಏನೂ ಅದರಲ್ಲಿ ಇಲ್ಲ, ಬಣ್ಣವೊಂದನ್ನು ಬಿಟ್ಟರೆ.

ಆ ಭಾನುವಾರ ನಾನು ಬೆಳಗಿನಿಂದ ಏನೂ ತಿನ್ನಲಿಲ್ಲ. ಇಂಟರ್‌ನೆಟ್ ಕೈಕೊಟ್ಟರೆ ಎಂದು ನನ್ನ ಮೊಬೈಲು, ಅದು ಕೈಕೊಟ್ಟರೆ ಗಂಡನ ಮೊಬೈಲು, ಪೆಟ್ಟಿಗೆಯ ತಂತಿ ಸಡಿಲವಾದರೆ ಇನ್ನೊಂದು ತಂತಿ. ಹೆಂಡರ್ಸನ್ ನಿಲ್ದಾಣದಲ್ಲಿ ಇಳಿಯುವಾಗ ನನ್ನ ಚೀಲ ಊರಿಗೆ ಹೊರಟವರ ಚೀಲದ ಹಾಗಿತ್ತು. ಆದರೆ ನನ್ನ ನಿಜವಾದ ಭಯ ತಂತಿಯದಾಗಿರಲಿಲ್ಲ. ಗೆಳತಿ ಮತ್ತೆ ನಂಬದೆ ಹೋದರೆ, ಆಂಟಿ ಕುರ್ಚಿಯನ್ನು ಗೋಡೆಗೆ ತಿರುಗಿಸುತ್ತಾರೆ. ಆಮೇಲೆ ಯಾವ ಮರದ ಪೆಟ್ಟಿಗೆಯೂ ಅದನ್ನು ಈ ಕಡೆ ತಿರುಗಿಸಲಾರದು.

ಆಂಟಿ ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು ಕೂತಿದ್ದರು, ಎಡಗೈ ಪೆಟ್ಟಿಗೆಯ ಮೇಲೆ. ಅವರು ಯಾವ ಮನೆ ಎಂದು ಹೇಳಿದರೆ ಹಸಿರು ಬಾಣವನ್ನು ಅಲ್ಲಿಗೆ ಒಯ್ಯಲು ನಾನು. ಜಗತ್ತೆಲ್ಲ ಹೆಸರು ಮಾಡಿದ ಮೌಸು ಅವತ್ತು ಆಳಾಗಿ ದುಡಿಯಿತು. ಮಗಳೂ ನನ್ನ ಗಂಡನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಕಿತ್ತಳೆ ಬಾಣ ಬಂತು. ಹಾಳೆಯ ಮೂಲೆಯಲ್ಲಿ, ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತವರ ಹಾಗೆ ನಿಂತಿತು. ಕೆಳಗಿನ ಪಟ್ಟೆಯಲ್ಲಿ ಒಂದೊಂದೇ ಅಕ್ಷರ ಮೂಡಿತು. ಸೊಸೆ ಹೇಳಿಕೊಟ್ಟ ಕೀಲಿಮಣೆಯಲ್ಲಿ ಅವರೂ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದರೆಂದು ಕಾಣುತ್ತದೆ.

'ಯಾರು ಬರಿಯಾಕತ್ತೀರಿ?'

ಆ 'ರಿ' ಎಲ್ಲರಿಗೂ ಕಂಡಿತು. ಆಂಟಿಯ ಬೆರಳುಗಳು ಕೀಲಿಯ ಮೇಲೆ ಹಾಗೇ ನಿಂತವು. 'ನಾನೇ ಬರೆಯುತ್ತಿದ್ದೇನೆ' ಎಂದು ಬರೆದುಬಿಡಿ ಎಂದು ನಾನು ಪಿಸುಗುಟ್ಟಿದೆ. ಅವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಮಗಳೂ ಹಾಗೆಯೇ ಬರೆಯುತ್ತಿದ್ದಳಲ್ಲ. ಗದ್ದದಿಂದ ಮನೆಗಳ ಕಡೆ ತೋರಿಸಿದರು. ಮೊದಲ ಸಾಲು. ಸುಳಿವು 'ಮಂದಿ', ಎರಡಕ್ಷರ. ಅವರಿಗೆ ಅತ್ಯಂತ ಇಷ್ಟವಾದ ಪದ, ಸಾಲಾಗಿ ನಾಲ್ಕು ಬೆರಳು. ನಾನು ಬಾಣವನ್ನು ಅಲ್ಲಿಟ್ಟೆ. ಅವರು ಉಸಿರು ಬಿಡದೆ ಒತ್ತಿದರು.

ಟಿವಿಯ ಮೇಲೆ 'ದನ' ಎಂದು ಬಂತು.

ಅವಸರಕ್ಕೆ ಉಂಗುರಬೆರಳು ತನ್ನ ಸರದಿ ಬರುವ ಮೊದಲೇ ಇಳಿದುಬಿಟ್ಟಿತ್ತು. ತೋರುಬೆರಳಿನ ಬದಲು ಅದು ಬಿದ್ದರೆ ಜ ಹೋಗಿ ದ ಆಗುತ್ತದೆ, ಜನ ಹೋಗಿ ದನವಾಗುತ್ತದೆ. ನಾನು ಅಳಿಸಲು ಕೈ ಚಾಚಿದೆ. ಅಷ್ಟರಲ್ಲಿ ಕಿತ್ತಳೆ ಬಾಣ ಮೂಲೆಯಿಂದ ಅಲ್ಲಾಡಿತು. ಅಡ್ಡಾದಿಡ್ಡಿ ಹಾದು ಬಂದು, ದನದ ಪಕ್ಕದಲ್ಲಿ ನಿಂತಿತು. ಬಹಳ ಹೊತ್ತು ನಿಂತಿತ್ತು. ಆಮೇಲೆ ಕೆಳಗೆ ಅಕ್ಷರಗಳು ಬರತೊಡಗಿದವು.

'ಮಂದಿ ಅಂದ್ರ ದನ ಏನು?'

ಮತ್ತೆ ಅಕ್ಷರಗಳು.

'ಮಗಳು ಬರೆದಿದ್ರ ತಪ್ಪತಿದ್ದಿಲ್ಲ. ನೀನ ಅದಿ ಬಿಡು ಮೇಟ್ರನ್.'

'ನೀನ'. ಅಡುಗೆಮನೆಯ ಬಾಗಿಲಲ್ಲಿ ಮಗಳು ಮೂಗು ಎಳೆದುಕೊಂಡಳು. ಆಂಟಿ ಟಿವಿಯನ್ನೇ ನೋಡುತ್ತಿದ್ದರು, ಕಣ್ಣು ಒರೆಸಿಕೊಳ್ಳಲು ಇರುವ ಒಂದೇ ಕೈಗೆ ಬೇರೆ ಕೆಲಸವಿತ್ತು. ಉಂಗುರಬೆರಳು, ನಡುಬೆರಳು, ಈ ಸಲ ಬೇಕೆಂದೇ, ನಿಧಾನವಾಗಿ. ಒತ್ತಕ್ಷರಕ್ಕೆ ನಾಲ್ಕು ಬೆರಳೂ ತಪ್ಪದೆ ಇಳಿದವು. ಕೆಳಗಿನ ಪಟ್ಟೆಯಲ್ಲಿ, ಅಷ್ಟು ತಿಂಗಳ ಮೇಲೆ, ಇಲ್ಲಿಂದ ಅಲ್ಲಿಗೆ ಹೋದ ಅವರ ಮೊದಲ ಸ್ವಂತ ಪದ ಬಂತು.

'ದಡ್ಡಿ'.

ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿದ್ದ ಫೋನು ಹೊಡೆದುಕೊಂಡಿತು. ಆಂಟಿ ಅದನ್ನು ನೋಡಿದರು. ನಾನು ಎತ್ತಲೇ ಎಂದು ಕೈಸನ್ನೆ ಮಾಡಿದೆ. ಬೇಡ ಎಂದು ತಲೆ ಅಲ್ಲಾಡಿಸಿ, ಪೆಟ್ಟಿಗೆಯ ಮೇಲಿಂದ ಕೈ ತೆಗೆದು, ಫೋನನ್ನು ತಾವೇ ಮಗುಚಿ, ಮೇಜಿನ ಮೇಲೇ ಸ್ಪೀಕರ್ ಒತ್ತಿದರು. ಆ ಕಡೆಯಿಂದ ಕುಶಲ ಗಿಶಲ ಏನೂ ಬರಲಿಲ್ಲ.

"ಮೇಲಿಂದ ಕೆಳಗ, ಎರಡನೇದು," ಎಂದಿತು ಧಾರವಾಡದ ದನಿ. "ಮೂರಕ್ಷರ. ಬೇಗ ಹೇಳು, ನನ್ನ ಒಲಿ ಮ್ಯಾಲ ಹಾಲೈತಿ."

ಆಂಟಿ ಉತ್ತರ ಹೇಳಿದರು. ತೊದಲಿತು. ಆ ಕಡೆಯವರು "ಏನಂದಿ?" ಎಂದರು, ನಾವೂ ಕೇಳುತ್ತಿದ್ದ ಹಾಗೆಯೇ. ಆಂಟಿ ಇನ್ನೊಮ್ಮೆ ಹೇಳಿದರು, ಅದೂ ತಿಳಿಯಲಿಲ್ಲ. ಅವರು ಫೋನು ಮಗುಚಲಿಲ್ಲ. ಎಡಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಉತ್ತರವನ್ನು ಬರೆದರು, ಅದು ಮನೆಗಳಲ್ಲಿ ಕೂರುತ್ತಿದ್ದಂತೆ ಆ ಕಡೆಯಿಂದ "ಹೂಂ, ಅದ ಇರಬೇಕು" ಎಂದು ಬಂತು. ಬಾಯಿಂದ ಅರ್ಧ, ಬೆರಳಿನಿಂದ ಅರ್ಧ, ಹೀಗೇ ಪದಬಂಧ ಮುಂದೆ ಹೋಯಿತು. ಹಾಲು ಉಕ್ಕಿತೆಂದೂ ನಡುವೆ ಕೇಳಿಸಿತು.

ಅದು ಈಗ ಪ್ರತಿ ಭಾನುವಾರ ನಡೆಯುತ್ತಿದೆ. ಬಾಣ ಒಯ್ಯಲು ನಾನು ಬೇಕಾಗಿಲ್ಲ, ಅದಕ್ಕೂ ಒಂದು ಜೋಡಣೆ ಕೂಡಿಸಿದ್ದೇನೆ. ಆದರೂ ಹೋಗುತ್ತೇನೆ, ತಂತಿ ನೋಡಲು. ನನ್ನ ಪಾಠದಲ್ಲಿ ಪರದೆ ಎಚ್ಚರಗೊಳ್ಳುವ ತನಕ ಈಗ ಎರಡೂ ಕೈಯ ಕತೆ ಹೇಳುತ್ತೇನೆ. ಹೋದ ವಾರ ಅದನ್ನು ಮುಗಿಸುವಷ್ಟರಲ್ಲಿ ಪರದೆ ಎದ್ದು, ಗುಂಡಿ ಒತ್ತಿದರೆ ಕೆಲಸವನ್ನೂ ಮಾಡಿಬಿಟ್ಟಿತು. ಅದು ಯಾಕೆ ಹಾಗಾಯಿತೆಂದು ನಾನು ಇನ್ನೂ ಚಿಂತೆ ಮಾಡುತ್ತಿದ್ದೇನೆ. ಆಂಟಿಗೆ ಹೇಳಿದರೆ ಎಡಗೈ ಪೆಟ್ಟಿಗೆಯ ಮೇಲೆ ಹೋಯಿತು, ಟಿವಿಯ ಮೇಲೆ ಅಂಗೈಯಗಲದ ಉತ್ತರ ಬಂತು.

'ಸುಮ್ಮನಿರು ಬಕಚ'.